ನಿವೃತ್ತಿಯ ನಂತರ ಜಲವರ್ಣ: ನನ್ನ ಆಕಾಶವೆಲ್ಲ ಕೆಸರಾಗುತ್ತಿದೆ, ಏನು ಮಾಡಲಿ?

ಹಳೆಯ ಲೆಡ್ಜರ್, ಮೈಸೂರು (ಜೂನ್)

ಎಲ್ಲರಿಗೂ ನಮಸ್ಕಾರ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದು ಕಳೆದ ನವೆಂಬರಿನಲ್ಲಿ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರದ ಜೊತೆಗೆ ಕಿರಿಯ ಸಹೋದ್ಯೋಗಿಗಳು ಹನ್ನೆರಡು ಬಣ್ಣದ ಒಂದು ಪೆಟ್ಟಿಗೆಯನ್ನೂ ಕೊಟ್ಟರು. ಯಾವಾಗಲೋ ಕಾಫಿ ಹೊತ್ತಿನಲ್ಲಿ "ಶಾಲೆಯಲ್ಲಿ ಡ್ರಾಯಿಂಗ್‌ಗೆ ನನಗೇ ಮೊದಲ ಬಹುಮಾನ" ಎಂದು ಕೊಚ್ಚಿಕೊಂಡಿದ್ದೆನಂತೆ. ಅವರು ನೆನಪಿಟ್ಟುಕೊಂಡಿದ್ದರು, ನಾನು ಮರೆತಿದ್ದೆ.

ದಿನವೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತೇನೆ. ಹೆಜ್ಜಾರ್ಲೆಗಳು ಕೂತ ಮರ, ನೀರಿನ ಮೇಲಿನ ಮಂಜು, ಇದನ್ನೆಲ್ಲ ಬಣ್ಣದಲ್ಲಿ ಹಿಡಿಯಬೇಕೆಂಬ ಆಸೆ. ಆರು ತಿಂಗಳಿನಿಂದ ಪ್ರಯತ್ನಿಸುತ್ತಿದ್ದೇನೆ. ಆಕಾಶ ಬರೆದರೆ ಬಚ್ಚಲ ನೀರಿನ ಬಣ್ಣ ಬರುತ್ತದೆ. ನಡುವೆ ಹೂಕೋಸಿನ ಆಕಾರದ ಕಲೆಗಳು. ಕಾಗದ ಬಿಸಿಲಿಗೆ ಹಾಕಿದ ಹಪ್ಪಳದಂತೆ ಮುರುಟಿಕೊಳ್ಳುತ್ತದೆ. ವಾರಾಂತ್ಯದ ಒಂದು ತರಗತಿಗೂ ಹೋದೆ. ಅಲ್ಲಿ ಕಲಿಸುವವರು ನಮ್ಮ ಕೈಯಿಂದ ಕುಂಚ ತೆಗೆದುಕೊಂಡು ತಾವೇ ತಿದ್ದಿಬಿಡುತ್ತಿದ್ದರು. ಕೊನೆಯಲ್ಲಿ ಹದಿನಾಲ್ಕು ಜನ ಒಂದೇ ಸೂರ್ಯಾಸ್ತ, ಅವೇ ಎರಡು ತೆಂಗಿನ ಮರಗಳನ್ನು ಮನೆಗೆ ಕೊಂಡೊಯ್ದೆವು. ನನ್ನಾಕೆ ನೋಡಿ, "ಗಡಿಯಾರಕ್ಕಾದರೂ ಗೋಡೆ ಸಿಕ್ಕಿತು" ಎಂದಳು.

ವಯಸ್ಸು 61. ಕೈ ಇನ್ನು ಬಗ್ಗುವುದಿಲ್ಲವೇ? ಅಥವಾ ಲೆಕ್ಕಪತ್ರ ಬರೆದು ಬರೆದು ಎಲ್ಲವೂ ತಾಳೆಯಾಗಬೇಕೆನ್ನುವ ನನ್ನ ಸ್ವಭಾವಕ್ಕೇ ಈ ನೀರಾಟ ಒಗ್ಗುವುದಿಲ್ಲವೇ? ತೈಲವರ್ಣವೋ ಅಕ್ರಿಲಿಕ್ಕೋ ಹಿಡಿಯುವುದು ಮೇಲೇ? ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಿ.

ಡ್ರಾಯಿಂಗ್ ಮೇಷ್ಟ್ರು, ಹಾಸನ

ಸ್ವಭಾವದ ವಿಚಾರಣೆ ಆಮೇಲೆ ಇಟ್ಟುಕೊಳ್ಳೋಣ ಸರ್. ಮೊದಲು ಇದಕ್ಕೆ ಉತ್ತರಿಸಿ: ಯಾವ ಕಾಗದ ಬಳಸುತ್ತೀರಿ? ಒಂದು ಬಣ್ಣ ತಯಾರಿಸಲು ಪೆಟ್ಟಿಗೆಯ ಎಷ್ಟು ಬಣ್ಣದ ಬಿಲ್ಲೆಗಳಿಗೆ ಕುಂಚ ಮುಟ್ಟಿಸುತ್ತೀರಿ? ಒಮ್ಮೆ ಬಳಿದ ಜಾಗಕ್ಕೆ ಎಷ್ಟು ಸಲ ಮರಳಿ ಹೋಗುತ್ತೀರಿ?

ಹಳೆಯ ಲೆಡ್ಜರ್, ಮೈಸೂರು

ಕಾಗದ, ಮನೆ ಹತ್ತಿರದ ಸ್ಟೇಷನರಿ ಅಂಗಡಿಯ ಡ್ರಾಯಿಂಗ್ ಶೀಟ್. ಬಣ್ಣ ಸರಿಯಾಗಿ ಬರುವ ತನಕ ಬೆರೆಸುತ್ತೇನೆ, ನಾಲ್ಕೈದು ಆಗಬಹುದು. ಮೂರನೆಯ ಪ್ರಶ್ನೆಗೆ ಉತ್ತರಿಸಲು ನಾಚಿಕೆ. ಸಮವಾಗುವ ತನಕ ತಿದ್ದುತ್ತಲೇ ಇರುತ್ತೇನೆ.

ಡ್ರಾಯಿಂಗ್ ಮೇಷ್ಟ್ರು, ಹಾಸನ

ಹಾಗಾದರೆ ನಿಮ್ಮ ಕೈ ನಿರಪರಾಧಿ.

ಡ್ರಾಯಿಂಗ್ ಶೀಟ್ ಪೆನ್ಸಿಲ್ಲಿಗೆ ಮಾಡಿದ ಕಾಗದ. ನೀರು ಬಿದ್ದೊಡನೆ ಹೀರಿಕೊಂಡು ಉಬ್ಬುತ್ತದೆ. ಉಬ್ಬಿದ ತಗ್ಗುಗಳಲ್ಲಿ ಬಣ್ಣ ಮಡುಗಟ್ಟುತ್ತದೆ, ದಿಣ್ಣೆಯಲ್ಲಿ ಬೇಗ ಒಣಗುತ್ತದೆ. ನೀವು ಅದನ್ನು ಸಮ ಮಾಡಲು ಹೋಗುತ್ತೀರಿ. ಕುಂಚ ಉಜ್ಜಿದಂತೆ ಕಾಗದದ ಮೈ ಏಳುತ್ತದೆ, ಜುಂಜು ಬರುತ್ತದೆ. ಈ ಕಾಗದದ ಮೇಲೆ ನಾನು ಬರೆದರೂ ಬಚ್ಚಲ ನೀರೇ. ಜಲವರ್ಣಕ್ಕೆ 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ದಪ್ಪ ಕಾಗದ ಬೇಕು, ಸಾಧ್ಯವಾದರೆ ನೂರಕ್ಕೆ ನೂರು ಹತ್ತಿಯದ್ದು. ಹತ್ತಿಯ ಕಾಗದ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಯೋಚಿಸಲು ನಿಮಗೆ ಸಮಯ ಸಿಗುತ್ತದೆ. ಅಂಗಡಿಯಲ್ಲಿ 'ಕೋಲ್ಡ್ ಪ್ರೆಸ್' ಎಂದು ಕೇಳಿ, ತುಸು ತರಿಯಿರುವ ಕಾಗದ ಕೊಡುತ್ತಾರೆ. ಹೊಸಬರು ದುಬಾರಿ ಬಣ್ಣ ಕೊಂಡು ಅಗ್ಗದ ಕಾಗದದ ಮೇಲೆ ಬಳಿಯುತ್ತಾರೆ. ಇದು ತಿರುಗುಮುರುಗಾಗಬೇಕು.

ಇನ್ನು ಕೆಸರು. ಜಲವರ್ಣವೆಂದರೆ ನುಣ್ಣಗೆ ಅರೆದ ಬಣ್ಣದ ಪುಡಿ ಮತ್ತು ಜಾಲಿ ಜಾತಿಯ ಮರದ ಗೋಂದು, ಅಷ್ಟೇ. ಈ ಗೋಂದು ಒಣಗಿದ ಮೇಲೂ ನೀರು ಸೋಕಿದರೆ ಮತ್ತೆ ಕರಗುತ್ತದೆ. ಅಕ್ರಿಲಿಕ್ ಹಾಗಲ್ಲ, ಒಣಗಿದರೆ ಮುಗಿಯಿತು. ಹಾಗಾಗಿ ಅರೆ ಒಣಗಿದ ನೀಲಿಯ ಮೇಲೆ ನೀವು ಕಂದು ಬಣ್ಣ ಎಳೆದಾಗ ಕೆಳಗಿನ ನೀಲಿ ಎದ್ದು ಬಂದು ಕಂದಿನೊಡನೆ ಕಲೆಯುತ್ತದೆ. ಮೊದಲೇ ನಾಲ್ಕೈದು ಬಣ್ಣ ಬೆರೆತಿದ್ದರೆ ಕೇಳುವುದೇ ಬೇಡ. ಎರಡು ಬಣ್ಣಕ್ಕೆ ನಿಲ್ಲಿಸಿ. ಮೂರನೆಯದಕ್ಕೆ ಕಾರಣ ಇರಬೇಕು.

ಹೂಕೋಸಿನ ಕಲೆ ಎಂದಿರಲ್ಲ, ಅದು ಬರುವುದು ನೀವು ತಿದ್ದಲು ಹೋದಾಗಲೇ. ಕಾಗದ ಅರೆ ಒಣಗಿರುವಾಗ ಅದಕ್ಕಿಂತ ಹೆಚ್ಚು ನೀರಿರುವ ಕುಂಚ ಇಟ್ಟರೆ, ಹೊಸ ನೀರು ಹಳೆಯ ಬಣ್ಣವನ್ನು ಸುತ್ತಲೂ ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಬಿಡುತ್ತದೆ. ಕಾಗದವನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಹೊಳೆಯುತ್ತಿದ್ದರೆ ಇನ್ನೂ ಕೆಲಸ ಮಾಡಬಹುದು. ಹೊಳಪು ಹೋಗಿ ಮಂಕಾಗಿದ್ದರೆ ಎದ್ದು ಹೋಗಿ ಕಾಫಿ ಮಾಡಿಕೊಳ್ಳಿ. ಕೈಯ ಹಿಂಭಾಗವನ್ನು ತಾಗಿಸಿದಾಗ ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ಹಸಿ ಇದೆ ಎಂದು ತಿಳಿಯಿರಿ.

ನಿಮ್ಮ ಲೆಡ್ಜರಿನ ಸ್ವಭಾವ ಅಡ್ಡಿ ಎಂದಿರಿ. ನನಗೆ ಹಾಗೆ ಕಾಣುವುದಿಲ್ಲ. ಲೆಡ್ಜರಿನಲ್ಲಿ ತಪ್ಪು ಬಿದ್ದರೆ ಏನು ಮಾಡುತ್ತಿದ್ದಿರಿ? ಬ್ಲೇಡಿನಿಂದ ಕೆರೆಯುತ್ತಿದ್ದಿರಾ?

ಹಳೆಯ ಲೆಡ್ಜರ್, ಮೈಸೂರು

ಕೆರೆದರೆ ನೌಕರಿಗೇ ಕುತ್ತು! ಒಂದು ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಚಿಕ್ಕ ಸಹಿ ಹಾಕಿ ಮುಂದಕ್ಕೆ ಹೋಗಬೇಕು. ಹೊಡೆದು ಹಾಕಿದ ಅಂಕಿಯೂ ಓದಲು ಸಿಗುವಂತಿರಬೇಕು.

ಮೇಷ್ಟ್ರೇ, ಅರ್ಥವಾಯಿತು.

ಬಿಸಿಲುನಾಡು, ಕಲಬುರಗಿ

ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಅದು ಹಾಸನದ ಹವೆಗೆ. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಕಾಗದ ಹೊಳೆಯುತ್ತಿದೆಯೋ ಮಂಕಾಗಿದೆಯೋ ಎಂದು ನೋಡುವಷ್ಟರಲ್ಲಿ ಒಣಗಿ ಗರಿಗರಿಯಾಗಿರುತ್ತದೆ. ಎಡಗಡೆಯಿಂದ ಆಕಾಶ ಎಳೆದು ಬಲಗಡೆ ತಲುಪುವ ಮೊದಲೇ ಎಡಗಡೆ ಗೆರೆ ಕಟ್ಟಿರುತ್ತದೆ. ನಾನು ಕಂಡುಕೊಂಡ ದಾರಿ: ಕಾಗದದ ಎರಡೂ ಬದಿಗೆ ಚೆನ್ನಾಗಿ ನೀರು ಹಚ್ಚಿ, ಹಳೆಯ ಅಕ್ರಿಲಿಕ್ ನಾಮಫಲಕದ ಮೇಲೆ ಅಂಟಿಸಿಬಿಡುವುದು. ಕೆಳಗಿನ ತೇವ ಮೇಲಿನದನ್ನು ಕಾಯುತ್ತದೆ. ಮತ್ತೆ ಕ್ಷೌರದಂಗಡಿಯಲ್ಲಿ ತಲೆಗೆ ನೀರು ಚಿಮುಕಿಸುವ ಬಾಟಲಿ ಇರುತ್ತದಲ್ಲ, ಅದು ನನ್ನ ಮುಖ್ಯ ಸಾಧನ. ಬೆಳಿಗ್ಗೆ ಆರರಿಂದ ಎಂಟು, ಅಷ್ಟೇ. ಎಂಟರ ಮೇಲೆ ಫ್ಯಾನ್ ಬೇಕು, ಫ್ಯಾನ್ ಹಾಕಿದರೆ ಬಣ್ಣ ಒಣಗುತ್ತದೆ.

ಕುಂದಾಪುರದ ಮಳೆ

ಕಲಬುರಗಿಯವರ ಕಷ್ಟ ಕೇಳಿ ಹೊಟ್ಟೆಕಿಚ್ಚಾಯಿತು. ಇಲ್ಲಿ ಜುಲೈನಲ್ಲಿ ಬೆಳಿಗ್ಗೆ ಬಳಿದ ಆಕಾಶ ಮಧ್ಯಾಹ್ನದ ಊಟ ಮುಗಿದರೂ ಹಸಿಯಾಗಿಯೇ ಇರುತ್ತದೆ. ಅದಕ್ಕಿಂತ ದೊಡ್ಡ ಶತ್ರು ಬೂಷ್ಟು. ಬಣ್ಣದ ಪೆಟ್ಟಿಗೆಯನ್ನು ಒದ್ದೆಯಾಗಿಯೇ ಮುಚ್ಚಿಟ್ಟರೆ ವಾರದಲ್ಲಿ ಬಿಳಿ ಉಣ್ಣೆ ಬೆಳೆಯುತ್ತದೆ. ಗೋಂದು ಬೂಷ್ಟಿಗೆ ಹಬ್ಬದ ಊಟ. ಮುಚ್ಚಳ ತೆರೆದಿಟ್ಟು ಒಣಗಿಸಿದ ಮೇಲೆಯೇ ಮುಚ್ಚಿ.

ಕಾಗದದ್ದು ಇನ್ನೂ ಮೋಸದ ಕಥೆ. ಒಳ್ಳೆಯ ಕಾಗದಕ್ಕೆ ಬಣ್ಣ ಒಮ್ಮೆಲೇ ಇಂಗದಂತೆ ಜೆಲಟಿನ್ ಅಥವಾ ಅಂಥದ್ದೊಂದು ಅಂಟಿನ ಲೇಪ ಇರುತ್ತದೆ. ಮಳೆಗಾಲದ ತೇವಕ್ಕೆ ಆ ಲೇಪ ಅಲ್ಲಲ್ಲಿ ಕೆಡುತ್ತದೆ. ನೋಡಲು ಹಾಳೆ ಬೆಳ್ಳಗೆ ಚೆನ್ನಾಗಿಯೇ ಇರುತ್ತದೆ. ಬಣ್ಣ ಬಿದ್ದ ಮೇಲೆ ಅಲ್ಲಲ್ಲಿ ಬ್ಲಾಟಿಂಗ್ ಪೇಪರಿನಂತೆ ಹೀರಿ ಕಪ್ಪು ಚುಕ್ಕೆಗಳು ಏಳುತ್ತವೆ. ಎರಡು ವರ್ಷ ನಾನು ಇದನ್ನು ನನ್ನ ತಪ್ಪೆಂದೇ ತಿಳಿದಿದ್ದೆ. ಈಗ ಕಾಗದವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಗೋದ್ರೇಜಿನ ಮೇಲಿನ ಖಾನೆಯಲ್ಲಿ, ರೇಷ್ಮೆ ಸೀರೆಗಳ ಪಕ್ಕ ಇಟ್ಟಿದ್ದೇನೆ. ಸೊಸೆ ನಗುತ್ತಾಳೆ. ನಗಲಿ.

ಪೆನ್ಸಿಲ್ ಸಾಕು

ಒಂದು ಮಾತು ಕಹಿಯಾಗಬಹುದು. ನಿವೃತ್ತರ ಹವ್ಯಾಸ ಈಗ ಸಾಮಾನು ಕೊಳ್ಳುವ ಹವ್ಯಾಸವಾಗಿದೆ. ಫ್ರಾನ್ಸಿನ ಕಾಗದ, ಇಂಗ್ಲೆಂಡಿನ ಬಣ್ಣ, ಜಪಾನಿನ ಕುಂಚ. ಮನೆಯಲ್ಲಿ ರೂಪಾಯಿ ಲೆಕ್ಕ ಹಾಕಿದವರು ಇಲ್ಲಿ ಸಾವಿರಗಟ್ಟಲೆ ಸುರಿಯುತ್ತಾರೆ. ಒಂದು 4ಬಿ ಪೆನ್ಸಿಲ್, ಬಳಸಿದ ಕಾಗದದ ಹಿಂಬದಿ. ಎರಡು ವರ್ಷ ಬರೆಯಿರಿ, ಆಮೇಲೆ ಬಣ್ಣ.

ಡ್ರಾಯಿಂಗ್ ಮೇಷ್ಟ್ರು, ಹಾಸನ

ಅರ್ಧ ಒಪ್ಪುತ್ತೇನೆ. ಬಣ್ಣಕ್ಕೆ ನಮ್ಮ ದೇಶದ್ದೇ ಕಲಾವಿದರ ದರ್ಜೆಯ ಟ್ಯೂಬುಗಳು ಧಾರಾಳ ಸಾಕು, ಆರು ಇದ್ದರೆ ಹೆಚ್ಚು. ಆದರೆ ಅರವತ್ತು ದಾಟಿದವರಿಗೆ "ಎರಡು ವರ್ಷ ಪೆನ್ಸಿಲ್, ಆಮೇಲೆ ಬಣ್ಣ" ಎನ್ನುವುದು ಹತ್ತು ವರ್ಷದ ಹುಡುಗನಿಗೆ ಹಾಕುವ ಪಾಠಪಟ್ಟಿ. ಅದನ್ನು ನಾನೇ ಮೂವತ್ತು ವರ್ಷ ಹಾಕಿದ್ದೇನೆ, ಎಷ್ಟು ಮಕ್ಕಳು ಅಲ್ಲಿಯೇ ಬಿಟ್ಟು ಹೋದರೆಂದು ನನಗೇ ಗೊತ್ತು.

ಕಾಡಿನ ದಾರಿ, ಚಾಮರಾಜನಗರ

ಕುಂಚದ ಮಾತು ಬಂದಿದ್ದರಿಂದ ನನ್ನ ಹಳೆಯ ಇಲಾಖೆಯ ಪರವಾಗಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಯಾರಾದರೂ ದನಿ ತಗ್ಗಿಸಿ "ಅಸಲಿ ಕೂದಲಿನದ್ದು ಇದೆ" ಎಂದರೆ ಹಿಂದಿರುಗಿ. ಮುಂಗುಸಿ ಕೂದಲಿನ ಕುಂಚಕ್ಕೆ ಕಲಾವಿದರಲ್ಲಿ ಒಂದು ಕಾಲದಲ್ಲಿ ಬಹಳ ಬೇಡಿಕೆಯಿತ್ತು. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಆ ಕುಂಚವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಇದು ಮುಂಗುಸಿ ಸಾಕಿ ಕೂದಲು ಕತ್ತರಿಸಿ ಮಾಡುವ ವ್ಯಾಪಾರವಲ್ಲ, ಕೊಂದೇ ಕೀಳುತ್ತಾರೆ. ಈಗಿನ ಸಿಂಥೆಟಿಕ್ ಕುಂಚಗಳು ನೀರನ್ನು ಚೆನ್ನಾಗಿಯೇ ಹಿಡಿಯುತ್ತವೆ. ತುದಿ ಚೂಪಾಗಿ ಸೇರುವ, ದುಂಡಗಿನ 10 ಅಥವಾ 12ನೇ ನಂಬರಿನದು ಒಂದಿದ್ದರೆ ಆಕಾಶವನ್ನೂ ಬಳಿಯಬಹುದು, ಅದರ ತುದಿಯಿಂದ ವಿದ್ಯುತ್ ತಂತಿಯನ್ನೂ ಎಳೆಯಬಹುದು.

ಎರಡು ಕಣ್ಣು ಒಂದು ಕುಂಚ, ದಾವಣಗೆರೆ

ಯಾರೂ ಕಣ್ಣಿನ ಮಾತೆತ್ತಲಿಲ್ಲ. ನಾನು ಗಣಿತ ಟೀಚರ್ ಆಗಿದ್ದವಳು, 66 ವರ್ಷ. ನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ. ಕಳೆದ ವರ್ಷ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಪಟ್ಟಿ ಬಿಚ್ಚಿ ಮನೆಗೆ ಬಂದು ನನ್ನದೇ ಹಳೆಯ ಚಿತ್ರಗಳನ್ನು ನೋಡಿ ಗಾಬರಿಯಾದೆ. ಆಕಾಶವೆಲ್ಲ ಕಣ್ಣು ಕುಕ್ಕುವ ನೀಲಿ! ಆಮೇಲೆ ತಿಳಿಯಿತು, ಪೊರೆ ಬಂದ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ಕಣ್ಣಿಗೆ ನೀಲಿ ಸಾಲದೆಂದು ನಾನು ಸುರಿಯುತ್ತಲೇ ಹೋಗಿದ್ದೆ. ಒಂದು ಕಣ್ಣು ಮುಚ್ಚಿ ನೋಡಿದರೆ ಗೋಡೆ ಕೆನೆ ಬಣ್ಣ, ಇನ್ನೊಂದು ಮುಚ್ಚಿ ನೋಡಿದರೆ ಹಾಲುಬಿಳಿ. ಎಡಗಣ್ಣಿನದೂ ಆಗುವ ತನಕ ಯಾವ ಕಣ್ಣನ್ನು ನಂಬಿ ಬಣ್ಣ ಬೆರೆಸಬೇಕೆಂದೇ ತಿಳಿಯುತ್ತಿರಲಿಲ್ಲ. ಫ್ರೆಂಚ್ ಚಿತ್ರಕಾರ ಮೊನೆಗೂ ಇದೇ ಪಾಡು. 1923ರಲ್ಲಿ, ಎಂಬತ್ತು ದಾಟಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು.

ಹಾಗಾಗಿ ಲೆಡ್ಜರ್ ಸರ್, ಬಣ್ಣ ಬದಲಿಸುವ ಮುನ್ನ ಒಮ್ಮೆ ಕಣ್ಣಿನ ವೈದ್ಯರನ್ನು ನೋಡಿ. ಮತ್ತೆ ಬೆರಳಿನ ಕೀಲು ನೋವಿದ್ದರೆ ಕುಂಚದ ಹಿಡಿಕೆಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ. ತೆಳ್ಳಗಿನ ಹಿಡಿಕೆಯೇ ನೋವಿಗೆ ಅರ್ಧ ಕಾರಣ. ನನ್ನ ಕೈ ಸ್ವಲ್ಪ ನಡುಗುತ್ತದೆ ಕೂಡ. ನಿಂತು, ಭುಜದಿಂದ ಕೈ ಬೀಸಿ ಬಳಿದಾಗ ನಡುಕ ಕಾಣುವುದಿಲ್ಲ. ಕೂತು ಮಣಿಕಟ್ಟು ಊರಿ ಕಿಟಕಿಯ ಸರಳು ಎಳೆಯಲು ಹೋದರೆ ಕಾಣುತ್ತದೆ. ಆದ್ದರಿಂದ ನನ್ನ ಮನೆಗಳಿಗೆ ಕಿಟಕಿಯ ಸರಳಿಲ್ಲ. ಕಳ್ಳರು ಬಂದರೆ ಬರಲಿ.

ಮಗಳು, ಬೆಂಗಳೂರು

ಇಲ್ಲಿ ನಡುವೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ಅಪ್ಪ ಸಾರಿಗೆ ಸಂಸ್ಥೆಯಲ್ಲಿದ್ದವರು, ನಿವೃತ್ತರಾಗಿ ಎರಡು ವರ್ಷ. ಟಿವಿಯ ಮುಂದೆ ಕೂತವರು ಏಳುವುದಿಲ್ಲ. ಚಿಕ್ಕಂದಿನಲ್ಲಿ ನನಗೆ ಬಸ್ಸು, ಎತ್ತು, ರಾಜಕುಮಾರ ಎಲ್ಲ ಬರೆದುಕೊಡುತ್ತಿದ್ದರು. ಹುಟ್ಟುಹಬ್ಬಕ್ಕೆಂದು ಒಳ್ಳೆಯ ಹತ್ತಿ ಕಾಗದ, ಬಣ್ಣ ಎಲ್ಲ ತಂದುಕೊಟ್ಟೆ. ಎಂಟು ತಿಂಗಳಾಯಿತು, ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಕೇಳಿದರೆ "ಮುಂದೆ ನೋಡೋಣಮ್ಮ" ಎನ್ನುತ್ತಾರೆ. ಆಸಕ್ತಿ ಇಲ್ಲವೆಂದು ತಿಳಿಯಲೇ?

ಕುಂದಾಪುರದ ಮಳೆ

ಹಾಳೆಯ ಬೆಲೆ ಅಪ್ಪನಿಗೆ ಗೊತ್ತಾಗಿದೆಯಾ?

ಮಗಳು, ಬೆಂಗಳೂರು

ಹೌದು. ಬಿಲ್ ಪೆಟ್ಟಿಗೆಯೊಳಗೇ ಇತ್ತು. ಒಂದು ಹಾಳೆಗೆ ಐನೂರರ ಮೇಲೆ.

ಡ್ರಾಯಿಂಗ್ ಮೇಷ್ಟ್ರು, ಹಾಸನ

ಅಲ್ಲಿಗೆ ಉತ್ತರ ಸಿಕ್ಕಿತಲ್ಲ ತಾಯಿ. ಐನೂರು ರೂಪಾಯಿಯ ಹಾಳೆಯ ಮೇಲೆ ಕೈ ಇಡಲು ನಮ್ಮ ಕಾಲದವರಿಗೆ ಎದೆ ಹೊಡೆದುಕೊಳ್ಳುತ್ತದೆ. ಹೀಗೆ ಮಾಡಿ. ಪೂರ್ಣ ಹಾಳೆ 22 ಇಂಚು ಅಗಲ, 30 ಇಂಚು ಉದ್ದ. ಅದನ್ನು ಅವರ ಕಣ್ಣೆದುರೇ ಹದಿನಾರು ತುಂಡು ಮಾಡಿ. ಒಂದೊಂದು ತುಂಡು ಅಂಗೈಗಿಂತ ಸ್ವಲ್ಪ ದೊಡ್ಡದು, ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ. ಎರಡೂ ಬದಿಗೆ ಬರೆಯಬಹುದು ಎಂದೂ ಹೇಳಿ, ಲೆಕ್ಕ ಇನ್ನೂ ಇಳಿಯುತ್ತದೆ. ಆಮೇಲೆ ಮೊದಲನೆಯ ತುಂಡನ್ನು ನೀವೇ ಹಾಳು ಮಾಡಿ. ನಿಮ್ಮ ಬಸ್ಸು ಎಷ್ಟು ಕೆಟ್ಟದಾಗಿದ್ದರೆ ಅಷ್ಟು ಒಳ್ಳೆಯದು. ತಿದ್ದಲು ಅವರ ಕೈ ತಾನಾಗಿಯೇ ಬರುತ್ತದೆ.

ರಾಜಾಜಿನಗರದವನು

ತಡವಾಗಿ ಶುರು ಮಾಡಿದವರ ಮಾತು ಬಂದಾಗ ನನಗೆ ನೆನಪಾಗುವುದು ರುಮಾಲೆ ಚನ್ನಬಸವಯ್ಯನವರು. 1910ರಲ್ಲಿ ಹುಟ್ಟಿದವರು. ಹರೆಯದಲ್ಲಿ ಚಿತ್ರಕಲೆ ಕಲಿತು, ಅದನ್ನು ಬದಿಗಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದರು. ಆಮೇಲೆ 'ತಾಯಿನಾಡು' ಪತ್ರಿಕೆ, ಸಾರ್ವಜನಿಕ ಬದುಕು. ಪೂರ್ತಿಯಾಗಿ ಕುಂಚಕ್ಕೆ ಮರಳಿದ್ದು ಐವತ್ತು ದಾಟಿದ ಮೇಲೆ. ಅಲ್ಲಿಂದ 1988ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರಿನ ಹೂಬಿಟ್ಟ ಮರಗಳನ್ನು ಜಲವರ್ಣದಲ್ಲಿ, ತೈಲವರ್ಣದಲ್ಲಿ ಬರೆಯುತ್ತಲೇ ಇದ್ದರು. ಆ ಚಿತ್ರಗಳಲ್ಲಿರುವ ಕೆಲವು ರಸ್ತೆಗಳಲ್ಲಿ ಈಗ ನಿಂತರೆ ಕಾಣುವುದು ಮೇಲ್ಸೇತುವೆಯ ಹೊಟ್ಟೆ. ಅದಿರಲಿ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೂ ಬನ್ನಿ. ಕೊಳ್ಳಲು ಅಲ್ಲ, ಮಾರಲೂ ಅಲ್ಲ. ಜಲವರ್ಣ ಇಟ್ಟುಕೊಂಡು ಕೂತ ಹುಡುಗರ ಪಕ್ಕ ಅರ್ಧ ಗಂಟೆ ನಿಂತು, ಅವರು ಎಲ್ಲಿ ಕುಂಚ ಇಡುವುದಿಲ್ಲ ಎಂದು ನೋಡಿ.

ಹಳೆಯ ಲೆಡ್ಜರ್, ಮೈಸೂರು

ಇಷ್ಟೊಂದು ಜನ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಕೃತಜ್ಞ. ಕಾಗದ ತರಿಸಿದ್ದೇನೆ. ಒಂದು ಸಂಶಯ. ಇಷ್ಟು ತಿಳಿಯಾದ ಮಾಧ್ಯಮದಲ್ಲಿ ಗಾಢವಾದ ಚಿತ್ರ ಸಾಧ್ಯವೇ? ನಮ್ಮ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ 'ದೀಪ ಹಿಡಿದ ಮಹಿಳೆ' ಇದೆ. ಆ ಕತ್ತಲು, ಆ ಬೆಳಕು ತೈಲವರ್ಣದಲ್ಲಿ ಮಾತ್ರ ಬರುತ್ತದೆ ಅನ್ನಿಸುತ್ತದೆ.

ರಾಜಾಜಿನಗರದವನು

ಸರ್, ಮೈಸೂರಿನವರಾಗಿ ನೀವೇ ಹೀಗೆಂದರೆ ಹೇಗೆ! ಅದು ರವಿವರ್ಮನದಲ್ಲ. ಸಾವಂತವಾಡಿಯ ಎಸ್.ಎಲ್. ಹಳದಣಕರ್ ಅವರದು, ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಮತ್ತು ಅದು ತೈಲವರ್ಣವಲ್ಲ, ಜಲವರ್ಣ.

ಹಳೆಯ ಲೆಡ್ಜರ್, ಮೈಸೂರು

ಐವತ್ತು ವರ್ಷದಿಂದ ಊರಿಗೆ ಬಂದ ಪ್ರತಿ ನೆಂಟರಿಗೂ ತಪ್ಪು ಹೇಳಿದ್ದೇನೆ. ಇದಕ್ಕೆಲ್ಲ ಗೆರೆ ಹೊಡೆದು ಸಹಿ ಹಾಕುವುದು ಹೇಗೆ?

ಡ್ರಾಯಿಂಗ್ ಮೇಷ್ಟ್ರು, ಹಾಸನ

ನೆಂಟರೂ ಹಾಗೆಯೇ ನಂಬಿರುತ್ತಾರೆ, ಬಿಡಿ. ನಿಮ್ಮ ಊರಿನ ಅರಮನೆಯ ಕಲಾವಿದರಾಗಿದ್ದ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಚಿತ್ರಗಳನ್ನೂ ಒಮ್ಮೆ ನೋಡಿ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಹೊರಡುವ ಮುನ್ನ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಮಂಜು ಬರೆಯಬೇಕೆಂದಿರಲ್ಲ, ಮಂಜನ್ನು ಹೇಗೆ ಬರೆಯಬಹುದೆಂದು ಅಲ್ಲಿ ತಿಳಿಯುತ್ತದೆ. ಜಲವರ್ಣದಲ್ಲಿ ಬಿಳಿ ಬಣ್ಣ ಎಂದರೆ ಬಳಿಯದೆ ಬಿಟ್ಟ ಕಾಗದ. ಹೆಜ್ಜಾರ್ಲೆಯನ್ನು ಬರೆಯಬೇಡಿ, ಅದರ ಹಿಂದಿನ ಮರವನ್ನು ಬರೆಯಿರಿ. ಹಕ್ಕಿ ತಾನಾಗಿ ಉಳಿದುಕೊಳ್ಳುತ್ತದೆ.

ಒಂದು ಗುಟ್ಟು: ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಕಂದು, ಎರಡೇ ತೆಗೆದುಕೊಳ್ಳಿ. ನೀಲಿ ಹೆಚ್ಚಾದರೆ ಮಳೆಮೋಡ, ಕಂದು ಹೆಚ್ಚಾದರೆ ಮರದ ಕಾಂಡ, ಸಮವಾದರೆ ಬೂದಿ ಬಣ್ಣದ ಬೆಳಗು. ಒಣಗಿದ ಮೇಲೆ ಬಣ್ಣ ತೆಳುವಾಗುತ್ತದೆ, ಆದ್ದರಿಂದ ಹಸಿಯಲ್ಲಿ ಸ್ವಲ್ಪ ಗಾಢವಾಗಿಯೇ ಹಾಕಿ. ಅಲಿಜರಿನ್ ಕ್ರಿಮ್ಸನ್ ಎಂಬ ಹಳೆಯ ಕೆಂಪು ಪೆಟ್ಟಿಗೆಯಲ್ಲಿದ್ದರೆ ಗೋಡೆಗೆ ಹಾಕುವ ಚಿತ್ರಕ್ಕೆ ಬಳಸಬೇಡಿ, ಬೆಳಕಿಗೆ ಮಾಸುತ್ತದೆ.

ಮಗಳು, ಬೆಂಗಳೂರು (ಆಗಸ್ಟ್)

ಅಪ್ಪ ನನ್ನ ಬಸ್ಸನ್ನು ನೋಡಿ "ಇದಕ್ಕೆ ಹಿಂದಿನ ಚಕ್ರ ಇಷ್ಟು ಮುಂದೆ ಬಂದರೆ ತಿರುವಿನಲ್ಲಿ ಮಗುಚುತ್ತದೆ" ಎಂದರು. ಹನ್ನೊಂದು ತುಂಡು ಮುಗಿದಿವೆ. ಎಲ್ಲವೂ ಬಸ್ಸೇ.

ಹಳೆಯ ಲೆಡ್ಜರ್, ಮೈಸೂರು (ಅಕ್ಟೋಬರ್)

ದಸರಾ ಗದ್ದಲ ಮುಗಿಯಿತು, ಕೆರೆಯ ಏರಿ ಮತ್ತೆ ನಮ್ಮದಾಯಿತು. ಇಂದು ಬೆಳಿಗ್ಗೆ ಆರೂವರೆಗೆ ಹೋಗಿ, ಹಲಗೆಯ ಕೆಳಗೆ ಒಂದು ಪುಸ್ತಕ ಇಟ್ಟು ಓರೆ ಮಾಡಿ, ಆಕಾಶಕ್ಕೆ ಮೇಲಿನಿಂದ ಕೆಳಕ್ಕೆ ಒಂದೇ ಸಲ ಬಣ್ಣ ಹಾಯಿಸಿದೆ. ಆಮೇಲೆ ಕುಂಚ ಕೆಳಗಿಟ್ಟು, ಅಕ್ಷರಶಃ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ನಡೆಯುವವರೊಬ್ಬರು "ಚಳಿಯಾ ಸರ್?" ಎಂದು ಕೇಳಿದರು. ನೀರು ತಾನೇ ಇಳಿಯಿತು, ತಾನೇ ಸಮವಾಯಿತು. ಮರ ಬರೆದೆ, ಮೂರು ಹಕ್ಕಿ ಉಳಿದವು. ಒಂದು ಬಾತುಕೋಳಿಯಂತಿದೆ, ಒಪ್ಪುತ್ತೇನೆ. ಕೊನೆಯಲ್ಲಿ ಕುಂಚದಿಂದ ಒಂದು ಹನಿ ನೀರಿನ ಭಾಗದ ಮೇಲೆ ಬಿತ್ತು. ಒರೆಸಲು ಕರವಸ್ತ್ರ ತೆಗೆದವನು ಹಾಗೆಯೇ ಜೇಬಿಗಿಟ್ಟೆ. ಒಣಗಿದ ಮೇಲೆ ಹನಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಚಿಕ್ಕ ಸಹಿ ಹಾಕಿದ್ದೇನೆ.

ಮನೆಯವಳು ಬಹಳ ಹೊತ್ತು ನೋಡಿದಳು. ಗೋಡೆಯ ಮಾತೆತ್ತಲಿಲ್ಲ, ಆದರೆ "ಈ ಹನಿ ಮೀನು ಹಾರಿದ್ದಾ?" ಎಂದಳು. ಹೌದು ಎಂದೆ.

ಈಗ ಹೊಸ ತೊಂದರೆ. ಹಸಿರು. ಟ್ಯೂಬಿನ ಹಸಿರು ಪ್ಲಾಸ್ಟಿಕ್ ಬಕೆಟ್ಟಿನಂತಿದೆ. ಮಳೆ ನಿಂತ ಮೇಲಿನ ಏರಿಯ ಹುಲ್ಲಿಗೆ ಏನು ಬೆರೆಸಬೇಕು?

ಕುಂದಾಪುರದ ಮಳೆ

ಹಳದಿಗೆ ನೀಲಿ, ಅದಕ್ಕೆ ಚಿಟಿಕೆ ಕಂದು. ಟ್ಯೂಬಿನ ಹಸಿರನ್ನು ಮೊಮ್ಮಕ್ಕಳಿಗೆ ಕೊಟ್ಟುಬಿಡಿ. ಗದ್ದೆ ಒಂದರಲ್ಲೇ ನನಗೆ ಏಳು ಹಸಿರು ಸಿಕ್ಕಿವೆ, ಎಂಟನೆಯದು ತಪ್ಪಿಸಿಕೊಳ್ಳುತ್ತಿದೆ.

ಎರಡು ಕಣ್ಣು ಒಂದು ಕುಂಚ, ದಾವಣಗೆರೆ

ಚಿಟಿಕೆ ಕಂದಿನ ಬದಲು ಚಿಟಿಕೆ ಕೆಂಪು ಹಾಕಿ ನೋಡಿ. ಮೊದಲು ಚೂರು ಕಾಗದದ ಮೇಲೆ.

ಬಿಸಿಲುನಾಡು, ಕಲಬುರಗಿ

ಹಸಿರಿನ ಸಮಸ್ಯೆ ನಮ್ಮ ಕಡೆ ಇಲ್ಲವಾದ್ದರಿಂದ ಈ ಚರ್ಚೆಯಲ್ಲಿ ಏನೂ ಹೇಳಲಾರೆ. ತೊಗರಿ ಹೂವಿಗೆ ಯಾವ ಹಳದಿ ಎಂದು ಯಾರಾದರೂ ಕೇಳಿದರೆ ಕರೆಯಿರಿ.